ಐನೂರ ಎರಡು ಜಾತ್ರೆ ಕಳೆದ ಮೇಲೆ

ಸುಬ್ರಾಯ ಭಾವನ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಅಂದರೆ ಶಾರದಕ್ಕ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು, ಸುಬ್ರಾಯ ಭಾವ ಎಲೆ-ಅಡಿಕೆ ಕವಳದ ಬಟ್ಟಲಿನ ಮುಂದೆ ಕೂತಿದ್ದ. ಗಪ್ಪಣ್ಣನೂ ಇದ್ದ. ಕವಳ ಎಲ್ಲಿದೆಯೋ ಗಪ್ಪಣ್ಣ ಅಲ್ಲಿ.

ಪಕ್ಕದ ಮನೆ ವಿನಾಯಕ ಮೊಬೈಲ್ ಒರೆಸುತ್ತಾ ಬಂದ. "ಇವತ್ತು ಆಫೀಸಿನವರು ಎರಡು ತಾಸು ಕ್ಲಾಸ್ ಇಟ್ಟಿದ್ದರು. ವರ್ಕ್-ಲೈಫ್ ಬ್ಯಾಲೆನ್ಸ್."

"ಸೊಸೈಟಿ ಬ್ಯಾಲೆನ್ಸಾ?" ಗಪ್ಪಣ್ಣನಿಗೆ ಎದೆ ಧಸಕ್ ಅಂದಿತು.

"ಅಲ್ಲ ಮಾರಾಯಾ. ಕೆಲಸ ಒಂದು ಕಡೆ, ಜೀವನ ಒಂದು ಕಡೆ. ಎರಡೂ ಸಮ ಇರಬೇಕು."

"ಅವೆರಡು ಯಾವಾಗ ಬೇರೆ ಆದವು ತಮ್ಮಾ?" ಶಾರದಕ್ಕ ಕೈ ನಿಲ್ಲಿಸದೇ ಕೇಳಿದಳು. "ಹಿಸ್ಸೆ ಆಗಿದ್ದು ನನಗೆ ಯಾರೂ ಹೇಳಲೇ ಇಲ್ಲ. ನನ್ನ ಮನೇಲಿ ಇನ್ನೂ ಒಂದೇ ಒಲೆ."

"ಸುಮ್ನೆ ತಮಾಷೆ ಮಾಡ್ಬೇಡಿ ಅತ್ತೆ. ದಿನಾ ಅರ್ಧ ತಾಸು ನಮಗಾಗಿ ಇಟ್ಟುಕೊಳ್ಳಬೇಕಂತೆ. ಮೀ ಟೈಮ್ ಅಂತ."

"ಮೀಯೋ ಟೈಮಾ? ಅದು ನನಗಿದೆಯಪ್ಪ. ಬೆಳಿಗ್ಗೆ ಹತ್ತು ನಿಮಿಷ. ಅಷ್ಟರಲ್ಲೂ ಇವರು ಬಚ್ಚಲ ಬಾಗಿಲು ಬಡಿದು ಪಂಚೆ ಎಲ್ಲಿದೆ ಅಂತ ಕೇಳ್ತಾರೆ."

ಸುಬ್ರಾಯ ಭಾವ ಎಲೆಯ ತೊಟ್ಟು ಮುರಿಯುವುದರಲ್ಲಿ ಮಗ್ನನಾದ.

"ಸ್ಮಿತಾ ಎಲ್ಲಿ? ಅವಳಿಗೂ ಕ್ಲಾಸ್ ಇತ್ತಲ್ಲ?" ಶಾರದಕ್ಕ ವಿನಾಯಕನ ಹೆಂಡತಿಯ ಸುದ್ದಿ ತೆಗೆದಳು.

"ಇತ್ತು. ಕ್ಯಾಮೆರಾ ಆಫ್ ಮಾಡಿಕೊಂಡು ಪಾಪುಗೆ ಉಣಿಸ್ತಾ ಕೇಳಿದ್ಲು. ಈಗ ದೋಸೆಗೆ ರುಬ್ತಾ ಇದ್ದಾಳೆ."

"ನೋಡು, ಇಬ್ಬರೂ ಒಂದೇ ಪಾಠ ಕಲಿತಿದ್ದೀರಿ. ನೀನು ಹೇಳೋಕೆ ಬಂದೆ, ಅವಳು ಬ್ಯಾಲೆನ್ಸ್ ಮಾಡ್ತಾ ಇದ್ದಾಳೆ."

ವಿನಾಯಕನ ಗುಡ್ಡದ ಕಥೆ ಊರಿಗೆಲ್ಲ ಗೊತ್ತು. 2020ರ ಲಾಕ್‌ಡೌನಿನಲ್ಲಿ ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ನೆಟ್‌ವರ್ಕ್ ಸಿಗುತ್ತಿದ್ದದ್ದು ಗುಡ್ಡದ ಮೇಲೆ. ಇವನು ನಾಲ್ಕು ಗೂಟ ಹುಗಿದು, ತಾಡಪತ್ರೆ ಕಟ್ಟಿ, ಮೇಲೇ ಆಫೀಸ್ ಮಾಡಿಕೊಂಡ. ಸ್ಮಿತಾ ಮಾತ್ರ ಅಡುಗೆಮನೆ ಕಿಟಕಿಯ ಮೂಲೆಯಲ್ಲಿ, ಎರಡು ಕಡ್ಡಿ ಸಿಗ್ನಲ್ ಹಿಡಿದು ವರ್ಷ ಕಳೆದಳು.

"ಅವಳೂ ಗುಡ್ಡ ಹತ್ತಬಹುದಿತ್ತಪ್ಪ," ಎಂದ ಗಪ್ಪಣ್ಣ.

"ಹತ್ತಬಹುದಿತ್ತು. ಆದರೆ ಗುಡ್ಡಕ್ಕೆ ನೆಟ್‌ವರ್ಕ್ ಬರ್ತದೆ, ಕುಕ್ಕರಿನ ಸೀಟಿ ಬರೋದಿಲ್ಲ ನೋಡು."

ವಿನಾಯಕ ಮಾತು ತಿರುಗಿಸಲು ಅಂಕಿ ತೆಗೆದ. ಓದಿದವರು ಸಿಕ್ಕಿಬಿದ್ದಾಗ ಅಂಕಿ ತೆಗೆಯುತ್ತಾರೆ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2024ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರಂತೆ, ಗಂಡಸರು 88. "2019ರಲ್ಲಿ ಹೆಂಗಸರದ್ದು 299 ಇತ್ತು ಅತ್ತೆ. ಕಡಿಮೆ ಆಗ್ತಾ ಇದೆ!"

"ಗಂಡಸರದ್ದು?"

"ಆಗ... 97."

"ಅದೂ ಕಡಿಮೆ ಆಯ್ತಲ್ಲೋ!"

"ಅದು ಮನೆಗೆಲಸ ಮಾಡೋ ಗಂಡಸರ ಸರಾಸರಿ ಮಾತ್ರ. ಮಾಡದವರು ಲೆಕ್ಕಕ್ಕೇ ಇಲ್ಲ."

"ಹಂಗಾದ್ರೆ ಇವರು ಬಚಾವ್."

ಶಾರದಕ್ಕ ಮೆಟ್ಟುಗತ್ತಿಯಿಂದ ಕಾಲು ತೆಗೆದಳು. ಕಪ್ಪಾದ ಬೆರಳಿನಿಂದ ಅಡಿಕೆ ಎಣಿಸಿ ಈ ಕಡೆ ಹತ್ತು, ಆ ಕಡೆ ಒಂಬತ್ತು ಇಟ್ಟಳು. "ನಮಗೆ ಹತ್ತು ನಿಮಿಷ ಇಳೀತು. ನಿಮಗೆ ಒಂಬತ್ತು. ಐದು ವರ್ಷಕ್ಕೆ ಒಂದು ನಿಮಿಷ ಹತ್ತಿರ ಬಂದ್ವಿ. ಉಳಿದ ಅಂತರ 201. ಐದರಿಂದ ಗುಣಿಸು."

"1005 ವರ್ಷ," ಎಂದ ವಿನಾಯಕ, ಸಣ್ಣ ದನಿಯಲ್ಲಿ.

"ನಮ್ಮ ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಐನೂರ ಎರಡು ಜಾತ್ರೆ ಕಳೆದ ಮೇಲೆ ಬ್ಯಾಲೆನ್ಸ್ ಆಗ್ತದೆ. ಸ್ಮಿತಾಗೆ ಹೇಳು, ದೋಸೆಗೆ ಸಾವಕಾಶ ರುಬ್ಬಲಿ."

"ಅಷ್ಟೊತ್ತಿಗೆ ಚಾಲಿ ಅಡಿಕೆ ದರ ಎಷ್ಟಾಗಿರ್ತದೋ!" ಗಪ್ಪಣ್ಣ ಆಗಲೇ ಅಲ್ಲಿಗೆ ಹೋಗಿ ಕೂತಿದ್ದ.

ವಿನಾಯಕ ಸೋಲಲಿಲ್ಲ. 2017ರಿಂದ ಹೆರಿಗೆ ರಜೆ 26 ವಾರ ಆಗಿದೆ, ಕೇಂದ್ರ ಸರ್ಕಾರದ ನೌಕರನಾದರೆ ಅಪ್ಪನಿಗೂ 15 ದಿನ ಇದೆ ಅಂದ.

"ಹದಿನೈದು ದಿನ ಗಂಡಸು ಮನೇಲಿ ಕೂತು ಏನು ಮಾಡ್ತಾನೆ?" ಎಂದ ಸುಬ್ರಾಯ ಭಾವ.

"ಬಾಣಂತಿಗೆ ಒಂದರ ಬದಲು ಎರಡು ಮಕ್ಕಳನ್ನು ನೋಡಿಕೊಳ್ಳೋ ಅಭ್ಯಾಸ ಆಗಲಿ ಅಂತ ಕೊಡ್ತಾರೆ."

ಈ ಸಲ ಸುಬ್ರಾಯ ಭಾವನಿಗೆ ನಾಟಿತು. ಕವಳ ಉಗಿದು ಬಂದ. "ಜುಲೈ ಮಳೇಲಿ ತೋಟಕ್ಕೆ ಕೊಳೆ ರೋಗ ಬಂದಾಗ ರಾತ್ರಿ ನಿದ್ದೆ ಬಿಟ್ಟವನು ಯಾರು? ಮದ್ದು ಹೊಡೆಯೋಕೆ ಮರ ಹತ್ತೋ ಕೊನೆಗೌಡ ಸಿಗದೇ ಊರೂರು ಅಲೆದವನು ಯಾರು? ಅದನ್ನು ಯಾವ ಸರ್ಕಾರ ಬರ್ಕೊಂಡಿದೆ?"

"ಅದು ಹೌದು," ಎಂದಳು ಶಾರದಕ್ಕ. ನಿಜ ಇದ್ದದ್ದನ್ನು ಅವಳು ಇಲ್ಲ ಅನ್ನುವವಳಲ್ಲ. ಸ್ವಲ್ಪ ಹೊತ್ತು ಅಡಿಕೆ ಬುಟ್ಟಿಗೆ ಬೀಳುವ ಸದ್ದು ಮಾತ್ರ ಇತ್ತು.

"ಆದರೆ ಆಟ?"

"ಯಾವ ಆಟ?"

"ಯಕ್ಷಗಾನ. ಊರಿನ ಬಯಲಾಟ ಒಂದೂ ಬಿಟ್ಟವರಲ್ಲ ನೀವು. ಮಂಗಳ ಕೇಳಿ ಬಂದು ಮಧ್ಯಾಹ್ನದವರೆಗೆ ಮಲಗ್ತಿದ್ರಿ. ನಾನೂ ಬರ್ತಿದ್ದೆ. ಎರಡು ಗಂಟೆ ಆದ ಕೂಡ್ಲೇ ಎದ್ದು ಸೂಡಿ ಬೆಳಕು ಹಿಡಿದು ಮನೆಗೆ. ಬೆಳಗಾದರೆ ಹಾಲು ಕರೀಬೇಕಲ್ಲ. ಕೌರವ ಕೊಳ ಹೊಕ್ಕಿದ್ದನ್ನು ಏಳೆಂಟು ಸಲ ನೋಡಿದ್ದೇನೆ. ಹೊರಗೆ ಬಂದದ್ದನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಲೆಕ್ಕದಲ್ಲಿ ಅವನು ಇನ್ನೂ ನೀರಲ್ಲೇ ಇದ್ದಾನೆ."

ಗಪ್ಪಣ್ಣ ಜೋರಾಗಿ ನಕ್ಕ. ಆಮೇಲೆ ಯಾರೂ ನಗುತ್ತಿಲ್ಲ ಅಂತ ಗೊತ್ತಾಗಿ ಸುಣ್ಣದ ಡಬ್ಬಿ ಹುಡುಕಿದ.

"ಈಗ ಕಾಲಮಿತಿ ಆಟ ಬಂದಿದೆಯಲ್ಲ ಅತ್ತೆ," ಎಂದ ವಿನಾಯಕ. "ರಾತ್ರಿ ಹನ್ನೆರಡೂವರೆಗೆಲ್ಲ ಮುಗೀತದೆ."

"ಮುಗೀತದೆ ತಮ್ಮಾ. ಈಗ ಅಷ್ಟು ಹೊತ್ತು ಕೂರೋಕೆ ಮೊಣಕಾಲು ಬಿಡೋದಿಲ್ಲ."

ಸುಬ್ರಾಯ ಭಾವ ಬಾಯಿ ತೊಳೆದು ಬಂದ. ಹೆಂಡತಿಯ ಎದುರಿಗೆ, ಸಿಪ್ಪೆಯ ರಾಶಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಗಂಟಲು ಸರಿಮಾಡಿಕೊಂಡ. "ಇಲ್ಲಿ ಕೇಳು. ಭೀಮ ದಡದಲ್ಲಿ ನಿಂತು ಕರೀತಾನೆ. ಕೌರವನಿಗೆ ಒಳಗೆ ಕೂತಲ್ಲೇ ಮೈ ಬೆವರ್ತದೆ..."

ಕೊಟ್ಟಿಗೆಯಿಂದ ಆಕಳು ಕೂಗಿತು.

"ಅವನು ಅಲ್ಲೇ ಇರಲಿ," ಎಂದು ಶಾರದಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಹಾಲು ಕರೆದು ಬಂದೆ."