ಅಪ್‌ಡೇಟ್: 69 ರೂಪಾಯಿ ಹೋಸ್ಟಿಂಗ್ ತಗೊಂಡೆ, ಬಿಟ್ಟೆ

ಶಿರಸಿಯಲ್ಲಿ ಅಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ ಮಾರೋಕೆ ವರ್ಡ್‌ಪ್ರೆಸ್ ಸೈಟ್ ಮಾಡ್ತಿದ್ದೇನೆ, ತಿಂಗಳಿಗೆ 69 ರೂಪಾಯಿಯ ಹೋಸ್ಟಿಂಗ್ (ಸೈಟ್ ಇಡೋಕೆ ಬಾಡಿಗೆ ಸರ್ವರ್ ಜಾಗ) ಸಾಕಾ ಅಂತ ಕೇಳಿದ್ದೆ. ಬೇಡ ಅಂದವರೇ ಹೆಚ್ಚು. ಮಾತು ಕೇಳದೆ ತಗೊಂಡೆ.

ಬಿಲ್ ಪುಟಕ್ಕೆ ಹೋದಾಗಲೇ ಗೊತ್ತಾಗಿದ್ದು: ಆ ದರ ನಾಲ್ಕು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮಾತ್ರ. ಮೇಲೆ 18% ಜಿಎಸ್‌ಟಿ. ರಿನ್ಯೂವಲ್ ದರ ಮೂರು ಪಟ್ಟು, ಅದೂ ಇರುವೆ ಗಾತ್ರದ ಅಕ್ಷರದಲ್ಲಿ. ಒಂದೇ ವರ್ಷಕ್ಕೆ ಕಟ್ಟಿದೆ, ಪುಣ್ಯ.

ಭಾನುವಾರ ಸಂಜೆ ನೆಂಟರ ವಾಟ್ಸಾಪ್ ಗ್ರೂಪುಗಳಿಗೆ ಲಿಂಕ್ ಹಾಕಿದೆ. ಅರ್ಧ ಗಂಟೆಯಲ್ಲಿ ಸೈಟ್ ಜಾಗದಲ್ಲಿ ‘508, ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’, ಅಂದರೆ ನನ್ನ ಪಾಲಿನ ಸರ್ವರ್ ಶಕ್ತಿ ಮುಗೀತು ಅಂತ. ಹೋಸ್ಟಿಂಗ್ ಕಂಪನಿಯವರನ್ನ ಚಾಟ್‌ನಲ್ಲಿ ಕೇಳಿದರೆ ಒಂದೇ ಮಂತ್ರ: “ಪ್ಲಾನ್ ಅಪ್‌ಗ್ರೇಡ್ ಮಾಡಿ ಸರ್.” ‘ಅನ್‌ಲಿಮಿಟೆಡ್’ ಅಂದಿದ್ದು ಜಾಗಕ್ಕಂತೆ, ಸಿಪಿಯು, ಮೆಮೊರಿ, ಫೈಲ್ ಸಂಖ್ಯೆಗೆಲ್ಲ ಮಿತಿ ಇದೆ. ಅತ್ತೆ ಫೋನ್ ಮಾಡಿ, “ನಿನ್ ಅಂಗಡಿ ಬಾಗ್ಲು ಹಾಕಿದ್ಯಲ್ಲೋ” ಅಂದರು.

30 ದಿನದೊಳಗಿದ್ದರಿಂದ ದುಡ್ಡು ವಾಪಸ್ ಬಂತು. ಈಗ ಮುಂಬೈ ಸರ್ವರ್ ಇರೋ ಕಡೆ, ತಿಂಗಳ ಲೆಕ್ಕದಲ್ಲಿ ಇದ್ದೇನೆ. ಡೊಮೈನ್ (ಸೈಟಿನ ಹೆಸರು) ಹೋಸ್ಟಿಂಗ್ ಜೊತೆ ಬೇಡ, ಬೇರೆ ಕಡೆ ತಗೋ ಅಂದಿದ್ದ ಪುಣ್ಯಾತ್ಮರಿಗೆ ಒಂದು ಬಾಟಲಿ ಉಪ್ಪಿನಕಾಯಿ ಬಾಕಿ ಇದೆ; ಹೆಸರು ಹೊಸ ಕಡೆಗೆ ತಿರುಗಿಸೋಕೆ ನೇಮ್‌ಸರ್ವರ್ (ಆ ಹೆಸರಿನ ಸೈಟ್ ಎಲ್ಲಿದೆ ಅಂತ ಹೇಳೋ ಸರ್ವರ್) ಬದಲಿಸಿದ್ದಷ್ಟೇ ಕೆಲಸ. ಆದರೆ ಎಂಎಕ್ಸ್ ರೆಕಾರ್ಡ್ (ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಸೆಟ್ಟಿಂಗ್) ಹೊಸ ಕಡೆ ಹಾಕೋದು ಮರೆತು, ಒಂದಿಡೀ ದಿನ ಆರ್ಡರ್ ಮೇಲ್ ಬರಲಿಲ್ಲ. ಅದು ನನ್ನದೇ ತಪ್ಪು. ಎಸ್‌ಎಸ್‌ಎಲ್‌ಗೆ, ಅಂದರೆ ಸೈಟಿನ https ಬೀಗಕ್ಕೆ, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಉಚಿತವಾಗೇ ಸಿಕ್ಕಿತು.

ಬ್ಯಾಕಪ್ ವಾರಕ್ಕೊಮ್ಮೆ ಲ್ಯಾಪ್‌ಟಾಪಿಗೆ ಇಳಿಸ್ತೀನಿ. ರಿಸ್ಟೋರ್ ಮಾಡಿ ನೋಡೋದು ಇನ್ನೂ ಬಾಕಿ, ಬೈಬೇಡಿ.