ಕೇಳದೆ ತೆಗೆದ ಫೋಟೊ: ನಿಮಗೂ ಹೀಗಾಗಿದೆಯಾ?

ಕೇಳಿದವರು, ಬೆಂಗಳೂರು

ನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯ, ಅವೆನ್ಯೂ ರಸ್ತೆ ಸುತ್ತುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದು ಸುಮ್ನೆ ಖುಷಿಗೆ. ಹೋದ ವರ್ಷ ಕಲಾಸಿಪಾಳ್ಯದ ತರಕಾರಿ ಮಂಡಿ ಹತ್ತಿರ ಒಂದು ಫೋಟೊ ಸಿಕ್ಕಿತು. ಐವತ್ತು ದಾಟಿದ ಹಮಾಲಿಯೊಬ್ಬರು. ತಲೆ ಮೇಲೆ ಟವೆಲಿನ ಸಿಂಬೆ, ಅದರ ಮೇಲೆ ಎಲೆಕೋಸಿನ ಮೂಟೆ. ಕಾಲಡಿ ಕೆಸರು. ಕತ್ತಿನ ನರ ಹಗ್ಗದ ಹಾಗೆ ಎದ್ದಿದೆ. ಹಿಂದಿನಿಂದ ಲಾರಿ ಹೆಡ್‌ಲೈಟಿನ ಬೆಳಕು. ಅಂಥ ಫೋಟೊ ನನಗೆ ಮತ್ತೆ ಸಿಕ್ಕಿಲ್ಲ. ಅವರು ನನ್ನನ್ನು ನೋಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಒಂದು ಸ್ಪರ್ಧೆಗೂ ಕಳಿಸಿದೆ, ಸಮಾಧಾನಕರ ಬಹುಮಾನ ಬಂತು. ಸ್ಪರ್ಧೆಯವರು ತಮ್ಮ ಕ್ಯಾಲೆಂಡರಿನಲ್ಲೂ ಅಚ್ಚು ಹಾಕಿಸಿದರು. ಕಳೆದ ತಿಂಗಳು ಒಬ್ಬ ಹುಡುಗ ಮೆಸೇಜು ಮಾಡಿದ. ‘ಸಾರ್, ಅದು ನಮ್ಮಪ್ಪ. ಮಂಡಿಯಲ್ಲಿ ಲೆಕ್ಕ ಬರೀತೀನಿ ಅಂತ ಊರಲ್ಲಿ ಎಲ್ಲರಿಗೂ ಹೇಳಿದ್ದಾರೆ. ಈಗ ಆ ಫೋಟೊ ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಓಡಾಡ್ತಿದೆ. ಅಕ್ಕನಿಗೆ ಗಂಡು ನೋಡ್ತಿದ್ದೀವಿ. ದಯವಿಟ್ಟು ತೆಗೀರಿ.’ ಒಂದು ಬೈಗುಳ ಇರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ತಕ್ಷಣ ತೆಗೆದೆ. ಆದರೆ ಕ್ಯಾಲೆಂಡರ್ ಯಾರ್ಯಾರ ಮನೆ ಗೋಡೆಯಲ್ಲಿ ತೂಗುತ್ತಿದೆಯೋ. ನನ್ನ ಗೊಂದಲ ಇಷ್ಟೇ. ಕೇಳಿ ತೆಗೆದರೆ ಜನ ಆಧಾರ್ ಕಾರ್ಡಿಗೆ ಕೂತ ಹಾಗೆ ಬಿಗಿಯುತ್ತಾರೆ. ಕೇಳದೆ ತೆಗೆದರೆ ಹೀಗಾಗುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ? ಈಗ ನಾನು ಹೋಗಿ ಆ ಮನುಷ್ಯನನ್ನು ಕಾಣಬೇಕಾ, ಅಥವಾ ಸುಮ್ಮನಿದ್ದುಬಿಡಬೇಕಾ? ಬುದ್ಧಿವಾದಕ್ಕಿಂತ ನಿಮಗೇ ಆದದ್ದು ಹೇಳಿದರೆ ಉಪಕಾರ.

ಮೈಸೂರಿನಿಂದ

ನನ್ನದು ಮೊದಲು ಕ್ಲಿಕ್, ಆಮೇಲೆ ಮಾತು. ತೆಗೆದ ತಕ್ಷಣ ಹತ್ತಿರ ಹೋಗಿ ಸ್ಕ್ರೀನ್ ತೋರಿಸುತ್ತೇನೆ. ‘ಇದನ್ನು ನಾಲ್ಕು ಜನಕ್ಕೆ ತೋರಿಸಲಾ?’ ಅಂತ ಕೇಳುತ್ತೇನೆ. ಬೇಡ ಅಂದರೆ ಅವರ ಕಣ್ಣೆದುರೇ ಅಳಿಸುತ್ತೇನೆ. ಹಾಗೆ ಅಳಿಸಿದ ಒಂದೆರಡು ಚಿತ್ರ ಈಗಲೂ ಕಣ್ಣ ಮುಂದೆ ಬರುತ್ತವೆ. ಇರಲಿ.

ಇನ್ನೊಂದು, ಉದ್ದ ಲೆನ್ಸ್ ಮಾರಿಬಿಟ್ಟೆ. 70-200 ಹಾಕಿದರೆ ರಸ್ತೆ ಆಚೆ ಬದಿಯಿಂದ ಬೇಟೆಗಾರನ ಹಾಗೆ ನಿಲ್ಲಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಈಗ ಇರುವುದು 35 ಎಂಎಂ ಒಂದೇ. ಮಾತಾಡುವಷ್ಟು ಹತ್ತಿರ ಹೋಗದೆ ಫೋಟೊ ಬರುವುದೇ ಇಲ್ಲ. ಬೈಸಿಕೊಳ್ಳುವುದಿದ್ದರೆ ಅಲ್ಲೇ ಬೈಸಿಕೊಂಡು ಮುಗಿಯುತ್ತದೆ.

ಪ್ರಿಂಟ್ ಹಾಕಿಸಿ ಕೊಡುವ ರೂಢಿಯೂ ಇದೆ. ಅದರಲ್ಲೂ ಪೆಟ್ಟು ತಿಂದಿದ್ದೇನೆ. ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮ ಮಾರುವ ಯಜಮಾನರೊಬ್ಬರ ಫೋಟೊ ಕೊಡಲು ಹೋದೆ. ಪಕ್ಕದ ಅಂಗಡಿಯವರೂ ಚೌಕಟ್ಟಿನಲ್ಲಿ ಬಂದಿದ್ದರು. ಇಬ್ಬರೂ ಒಂದೇ ಕಡೆ ನೋಡಿ ನಗುತ್ತಿದ್ದಾರೆ, ಅಷ್ಟು ಚೆಂದ. ಯಜಮಾನರ ಮುಖ ಕೆಂಪಗಾಯಿತು. ‘ಇವನ ಜೊತೆ ನನ್ನನ್ನ ಯಾಕಯ್ಯಾ ಸೇರಿಸಿದೆ?’ ಅಂದರು. ಜಗಲಿ ಜಾಗದ ಜಗಳಕ್ಕೆ ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲವಂತೆ! ಕತ್ತರಿ ತೆಗೆದು ಪ್ರಿಂಟನ್ನು ನಡುವೆ ಕತ್ತರಿಸಿ, ತಮ್ಮ ಅರ್ಧ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು, ಉಳಿದರ್ಧ ನನ್ನ ಕೈಗೆ ಕೊಟ್ಟರು. ‘ಅವನದ್ದು ಅವನಿಗೆ ಕೊಡು.’ ನಾನು ಕಂಡದ್ದು ಒಂದು ನಗು. ಅವರ ನಡುವೆ ಏನಿದೆ ಅಂತ ಹೊರಗಿನವನಿಗೆ ಹೇಗೆ ಗೊತ್ತಾಗಬೇಕು?

ಅವರನ್ನು ಹೋಗಿ ಕಾಣಿ. ಬರಿಗೈಯಲ್ಲಿ ಹೋಗಬೇಡಿ, ಹಾಗಂತ ದುಡ್ಡೂ ಒಯ್ಯಬೇಡಿ.

ಗೋಕರ್ಣದ ಕಡೆಯವಳು

ನಾನು ಕ್ಯಾಮೆರಾದ ಈ ಕಡೆಯಿಂದ ಹೇಳುತ್ತೇನೆ. ನಮ್ಮಜ್ಜಿ ಹಾಲಕ್ಕಿ ಒಕ್ಕಲಿಗರು. ಕೊರಳು ತುಂಬ ಮಣಿಸರ, ಹಳೆ ಕಾಲದ ಹಾಗೇ ಸೀರೆ. ರಥಬೀದಿ ಬದಿಯಲ್ಲಿ ಬಸಳೆ, ಹರಿವೆ ಸೊಪ್ಪು ಇಟ್ಟುಕೊಂಡು ಕೂರುತ್ತಿದ್ದರು. ರಜೆ ಬಂತು ಅಂದರೆ ಸಾಕು, ಕ್ಯಾಮೆರಾದವರ ಸಾಲು. ಒಂದು ಕಟ್ಟು ಸೊಪ್ಪು ತಗೊಂಡವರು ಕಡಿಮೆ. ಹೆಚ್ಚಿನವರು ಬಗ್ಗಿ, ಮೊಣಕಾಲೂರಿ, ತೆಗೆದು, ಸ್ಕ್ರೀನ್ ನೋಡಿಕೊಂಡು ಹೋಗಿಬಿಡುತ್ತಿದ್ದರು.

ಒಬ್ಬರು ಕೇಳಿಯೇ ತೆಗೆದರು, ಸುಳ್ಳು ಹೇಳುವುದಿಲ್ಲ. ಅಜ್ಜಿ ನಕ್ಕರು. ಯಾರು ಏನು ಕೇಳಿದರೂ ಅಜ್ಜಿ ನಗುತ್ತಿದ್ದರು. ಭಾಷೆ ಗೊತ್ತಾಗದಿದ್ದಾಗಲೂ ನಗುತ್ತಿದ್ದರು. ಎರಡು ವರ್ಷದ ನಂತರ ನನ್ನ ಚಿಕ್ಕಮ್ಮನ ಮಗಳು ಒಂದು ರೆಸಾರ್ಟಿಗೆ ರೂಮು ಒರೆಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಊಟದ ಹಾಲಿನ ಗೋಡೆಯಲ್ಲಿ ಆಳೆತ್ತರದ ಅಜ್ಜಿ! ಸಂಜೆ ಬಂದು ಹೇಳಿದಳು. ಅಜ್ಜಿ ಕೇಳಿದ್ದು ಒಂದೇ, ‘ಸೊಪ್ಪು ಕಾಣ್ತದಾ?’ ಇಲ್ಲ, ಕೊರಳಿನವರೆಗೆ ಮಾತ್ರ ಅಂದಳು. ‘ಹಾಗಾದ್ರೆ ನನ್ನನ್ನ ಯಾಕೆ ಹಾಕ್ಕೊಂಡಿದ್ದು?’ ಅಂದರು ಅಜ್ಜಿ.

ಅದಕ್ಕೇ ಮೇಲಿನವರು ‘ಕೇಳಿದೆ, ಒಪ್ಪಿದರು’ ಅನ್ನುವಾಗ ನನಗೆ ಪೂರ್ತಿ ಸಮಾಧಾನ ಆಗುವುದಿಲ್ಲ. ತೆಗೆಯಲಾ ಅಂತ ಕೇಳುತ್ತೀರಿ. ಎಲ್ಲಿ ಹಾಕುತ್ತೀರಿ ಅಂತ ಹೇಳುತ್ತೀರಾ? ಎಲೆಕೋಸಿನ ಮೂಟೆಯವರು ಫೋಟೊಗೆ ಹೂಂ ಅಂದಿದ್ದರೂ ಕ್ಯಾಲೆಂಡರಿಗೆ ಹೂಂ ಅಂದ ಹಾಗೆ ಆಗುತ್ತಿರಲಿಲ್ಲ.

ಧಾರವಾಡದ ವಕೀಲ

ನೋಡ್ರಿ, ಕಾನೂನಿನ ಭಾಗ ಬೇಗ ಮುಗಿಸುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ರಸ್ತೆಯಲ್ಲಿ ಹೋಗುವವರ ಫೋಟೊ ತೆಗೆಯುವುದೇ ಅಪರಾಧ ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇರುವುದು ಕೆಟ್ಟ ಫೋಟೊಗಳಿಗೆ. ಗುಪ್ತಾಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಇದೆ. 3 ವರ್ಷದವರೆಗೆ ಜೈಲು ಆಗಬಹುದು. ಹೆಂಗಸರ ಖಾಸಗಿ ಹೊತ್ತಿನ ಚಿತ್ರ ಕದ್ದು ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಹಿಂದೆ ಐಪಿಸಿ 354ಸಿ ಇತ್ತಲ್ಲ, ಅದು. ಮೂಟೆ ಹೊತ್ತವರ ಫೋಟೊ ಇವೆರಡರ ಕೆಳಗೂ ಬರುವುದಿಲ್ಲ.

ಒಂದು ಮಾತು ಮಾತ್ರ ತಲೆಯಲ್ಲಿರಲಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನುಷ್ಯ ಹತ್ತು ಜನರ ನಡುವೆ ಬಂದು ನಿಂತ ಮಾತ್ರಕ್ಕೆ ಅವನ ಖಾಸಗಿತನ ಹೋಗಿಬಿಡುವುದಿಲ್ಲ, ಅದು ಜಾಗಕ್ಕಲ್ಲ, ಮನುಷ್ಯನಿಗೆ ಅಂಟಿಕೊಂಡದ್ದು ಅನ್ನುವ ಮಾತು ಆ ತೀರ್ಪಿನಲ್ಲಿದೆ. ನಾನು ಕಕ್ಷಿದಾರರಿಗೆ ಕಲಂಗಿಂತ ಇದನ್ನೇ ಜಾಸ್ತಿ ಓದಿ ಹೇಳುತ್ತೇನೆ.

ಬೆಂಗಳೂರು, ದಿನಾ ಮೆಟ್ರೊದಲ್ಲಿ ಓಡಾಡುವವಳು

2025ರ ಮೇ ತಿಂಗಳಲ್ಲಿ ಮೆಟ್ರೊದಲ್ಲಿ ಹೆಂಗಸರನ್ನು ಕದ್ದು ಚಿತ್ರ ತೆಗೆದು ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಖಾತೆ ಸುದ್ದಿಯಾಯಿತು. ಬನಶಂಕರಿ ಠಾಣೆಯಲ್ಲಿ ಕೇಸಾಗಿ ಒಬ್ಬನ ಬಂಧನವಾಯಿತು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಓಡಾಡುವ ಹೆಂಗಸರ ವಿಡಿಯೊ ಕೇಳದೆ ತೆಗೆದು ಹಾಕಿದ್ದರ ಕೇಸು. ಅಲ್ಲಿಂದ ಎದುರು ಸೀಟಿನವರು ಮೊಬೈಲ್ ಎತ್ತಿ ಹಿಡಿದರೆ ನನ್ನ ಕೈ ತಾನಾಗಿ ದುಪಟ್ಟಾಕ್ಕೆ ಹೋಗುತ್ತದೆ. ಪಾಪ, ಅವರು ಮೆಸೇಜು ಓದುತ್ತಿರಬಹುದು. ನೀವು ಒಳ್ಳೆಯವರೇ ಇರಬಹುದು. ಅದು ನನಗೆ ಹೇಗೆ ಗೊತ್ತಾಗಬೇಕು ಹೇಳಿ?

ಆದರೆ ನನಗೆ ಆದದ್ದು ಅಂಥ ಕೊಳಕು ಸಂಗತಿ ಅಲ್ಲ. ಒಂದು ದಿನ ಲಾಲ್‌ಬಾಗ್ ಬೆಂಚಿನ ಮೇಲೆ ಒಬ್ಬಳೇ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದೆ. ಯಾರೋ ತೆಗೆದಿದ್ದಾರೆ. ವಾರದ ನಂತರ ಗೆಳತಿ ಕಳಿಸಿದಳು, ‘ಇದು ನೀನೇ ಅಲ್ವಾ?’ ಅಂತ. ಫೋಟೊ ಚೆನ್ನಾಗಿಯೇ ಇತ್ತು. ಕೆಳಗೆ ‘ಏಕಾಂತದ ಸುಖ’ ಅಂತ ಬರೆದಿದ್ದರು. ಅವತ್ತು ಬೆಳಿಗ್ಗೆ ಅಮ್ಮನ ಬಯಾಪ್ಸಿ ರಿಪೋರ್ಟು ಬಂದಿತ್ತು. ಮನೆಯಲ್ಲಿ ಕೂತು ತಿನ್ನಲಾಗದೆ ಅಲ್ಲಿಗೆ ಹೋಗಿದ್ದೆ. ಆ ಎರಡು ಪದಕ್ಕೆ ನೂರಾರು ಹೃದಯದ ಗುರುತು ಬಿದ್ದಿತ್ತು. ಫೋಟೊ ತೆಗೆಯಲೇಬೇಕು ಅಂದರೆ ತೆಗೆಯಿರಿ. ಶೀರ್ಷಿಕೆ ಬರೆಯಬೇಡಿ.

ಶಿವಮೊಗ್ಗ, ಹಿಂದೆ ಪತ್ರಿಕೆಗೆ ಫೋಟೊ ತೆಗೆಯುತ್ತಿದ್ದವರು

ಎಲ್ಲರೂ ಸೇರಿ ಫೋಟೊ ತೆಗೆದವರನ್ನು ಅಪರಾಧಿ ಮಾಡಬೇಡಿ. ಪ್ರತಿಯೊಬ್ಬರನ್ನೂ ಕೇಳಿಯೇ ತೆಗೆದಿದ್ದರೆ ನಮ್ಮ ಹಳೆಯ ಸಂತೆ, ಜಾತ್ರೆ, ಬಸ್ ನಿಲ್ದಾಣ ಯಾವುದೂ ಇವತ್ತು ನೋಡಲು ಉಳಿಯುತ್ತಿರಲಿಲ್ಲ. ಉಳಿದರೂ ಎಲ್ಲರೂ ಕೈಕಟ್ಟಿ ನಿಂತ ಚಿತ್ರಗಳೇ ಆಗಿರುತ್ತಿದ್ದವು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಬೆಳೆದವನು ನಾನು. ಆಟದಲ್ಲಿ ಮೈಮರೆತ ಮಕ್ಕಳು, ಕೆಲಸದಲ್ಲಿರುವ ಸಾಮಾನ್ಯ ಜನ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೆಯಿತು. ಆ ಸಹಜತೆ ಬೇಕು ಅಂದರೆ ಕ್ಯಾಮೆರಾ ಮರೆತುಹೋಗಬೇಕು.

ಆದರೂ ಒಪ್ಪುತ್ತೇನೆ, ನಮ್ಮ ಕಾಲಕ್ಕೂ ಈಗಕ್ಕೂ ವ್ಯತ್ಯಾಸ ಇದೆ. ನಾವು ಹಮಾಲಿಯ ಫೋಟೊ ತೆಗೆದರೆ ಪತ್ರಿಕೆಯಲ್ಲಿ ಒಂದು ದಿನ ಬರುತ್ತಿತ್ತು. ಮರುದಿನ ಅದರಲ್ಲೇ ಬೋಂಡಾ ಕಟ್ಟುತ್ತಿದ್ದರು. ಅವರ ಹಳ್ಳಿಗೆ ತಲುಪುತ್ತಿದ್ದದ್ದು ಅಪರೂಪ. ಈಗ ಮೊದಲು ತಲುಪುವುದೇ ಅವರ ಹಳ್ಳಿಗೆ.

ಮೇಲಿನವರಿಗೆ, ಬಳ್ಳಾರಿಯಿಂದ

ತಲುಪದಿದ್ದರೆ ಸರಿಯಾ ಸಾರ್? ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೊ ನೆನಪಿದೆಯಲ್ಲ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದದ್ದು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಲೋಕಕ್ಕೆಲ್ಲ ಆ ಮುಖ ಗೊತ್ತು, ಹೆಸರು ಗೊತ್ತಿಲ್ಲ. 2002ರಲ್ಲಿ ಆಕೆಯನ್ನು ಹುಡುಕಿ ತೆಗೆದಾಗ ಹೆಸರು ಶರ್ಬತ್ ಗುಲಾ ಅಂತ ಗೊತ್ತಾಯಿತು. ಅಲ್ಲಿಯವರೆಗೆ ಆಕೆ ಆ ಫೋಟೊ ನೋಡಿಯೇ ಇರಲಿಲ್ಲ. ಹದಿನೇಳು ವರ್ಷ!

ಮ್ಯೂನಿಕ್‌ನಿಂದ

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಪಾರ್ಕಿನಲ್ಲಿ ಜಾರುಬಂಡೆ ಆಡುತ್ತಿದ್ದ ನನ್ನ ಮಗಳ ಫೋಟೊ ತೆಗೆಯುತ್ತಿದ್ದೆ. ಒಬ್ಬ ತಾಯಿ ಬಂದು ನಿಂತರು. ಸಿಟ್ಟಿಲ್ಲ, ನಗುವೂ ಇಲ್ಲ. ‘ನನ್ನ ಮಗ ಬಂದಿದ್ದಾನಾ? ತೋರಿಸಿ.’ ಬಂದಿದ್ದ, ಮೂಲೆಯಲ್ಲಿ, ಅರ್ಧ ಮುಖ. ಅಳಿಸುವವರೆಗೆ ನಿಂತೇ ಇದ್ದರು. ನಮ್ಮೂರಲ್ಲಾದರೆ ಇನ್ನೊಂದು ತೆಗೀರಿ ಅಂತ ಮಗುವನ್ನೇ ಮುಂದೆ ತಳ್ಳುತ್ತಿದ್ದರು ಅಂದುಕೊಂಡು ಬೇಜಾರಾದೆ.

ಆಮೇಲೆ ಗೊತ್ತಾಯಿತು. 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೊಗ್ರಾಫರುಗಳು ಅವರ ಕೋಣೆಗೆ ನುಗ್ಗಿ ಹೆಣದ ಚಿತ್ರ ತೆಗೆದಿದ್ದರು. ದೊಡ್ಡ ಗಲಾಟೆಯಾಯಿತು. ಆ ಗಲಾಟೆಯ ಬಿಸಿಯಿಂದ 1907ರಲ್ಲಿ ಇಲ್ಲಿ ಕಾನೂನು ಬಂತು. ಮನುಷ್ಯರ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ. ಮೆರವಣಿಗೆ, ಸಭೆಯ ಚಿತ್ರಕ್ಕೆ, ದೃಶ್ಯದ ಮೂಲೆಯಲ್ಲಿ ಯಾರೋ ಸಣ್ಣಗೆ ಕಂಡರೆ ವಿನಾಯಿತಿ ಇದೆ. ಅದು ಈಗಲೂ ಜಾರಿಯಲ್ಲಿದೆ.

ನಮ್ಮ ಕನ್ನಡದವರ ಯುಗಾದಿ ಕೂಟದಲ್ಲಿ ಈಗ ಬಾಗಿಲಲ್ಲೇ ಕೆಂಪು ಸ್ಟಿಕ್ಕರ್ ಇಡುತ್ತೇವೆ. ಫೋಟೊ ಬೇಡ ಅನ್ನುವವರು ಅಂಟಿಸಿಕೊಳ್ಳುತ್ತಾರೆ. ಮೊದಲ ವರ್ಷ ನಾಲ್ಕೈದು ಜನ ಇರಬಹುದು ಅಂದುಕೊಂಡಿದ್ದೆವು. ಹಾಳೆ ಅರ್ಧ ಖಾಲಿಯಾಯಿತು. ಅಷ್ಟು ವರ್ಷ ಅವರೆಲ್ಲ ಬಾಯಿ ಬಿಡದೆ ಗ್ರೂಪ್ ಫೋಟೊದಲ್ಲಿ ನಿಂತಿದ್ದರು!

ಉಡುಪಿಯಿಂದ

ನಮ್ಮ ಮನೆತನದ ದೈವದ ಕೋಲದಲ್ಲಿ ಫೋಟೊ, ವಿಡಿಯೊ ಬೇಡ ಅಂತ ಬೋರ್ಡು ಹಾಕುತ್ತೇವೆ, ಮೈಕಿನಲ್ಲಿ ಎರಡು ಸಲ ಹೇಳುತ್ತೇವೆ. ಆದರೂ ದರ್ಶನದ ಹೊತ್ತಿಗೆ ನಾಲ್ಕು ಮೊಬೈಲ್ ಮೇಲೇಳುತ್ತವೆ. ಕೇಳಿದರೆ ‘ನನ್ನ ಸ್ಟೇಟಸ್ಸಿಗೆ ಮಾತ್ರ’ ಅನ್ನುತ್ತಾರೆ. ಅಷ್ಟೇ ಹೇಳಬೇಕಿತ್ತು.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಲಾಲ್‌ಬಾಗಿನ ಮೇಡಂ, ನಾನೂ ಆ ಹಮಾಲಿ ಫೋಟೊ ಕೆಳಗೆ ‘ಬದುಕಿನ ಭಾರ’ ಅಂತ ಬರೆದಿದ್ದೆ. ನಿಮ್ಮ ಮಾತು ಓದಿ ಮುಖ ಬಿಸಿಯಾಯಿತು. ಕ್ಯಾಲೆಂಡರಿನವರಿಗೆ ಬರೆದೆ. ಉಳಿದ ಪ್ರತಿ ಹಂಚುವುದಿಲ್ಲ ಅಂದರು, ಹೋದದ್ದು ಹೋಯಿತು ಅಂದರು.

ಹುಡುಗನನ್ನು ಕೇಳಿಕೊಂಡೇ ಮಂಡಿಗೆ ಹೋದೆ. ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಲಾರಿ ಖಾಲಿಯಾಗುವವರೆಗೆ ಕಾದು, ಟೀ ಅಂಗಡಿಯಲ್ಲಿ ಮಾತಾಡಿಸಿದೆ. ಅಣ್ಣ, ತಪ್ಪಾಯಿತು ಅಂದೆ. ಅವರು ಫೋಟೊ ಪೂರ್ತಿ ನೋಡಿರಲೇ ಇಲ್ಲ, ಬೇರೆಯವರ ಮೊಬೈಲಿನಲ್ಲಿ ಒಂದು ಕ್ಷಣ ನೋಡಿದ್ದಂತೆ. ತೋರಿಸಿ ಅಂದರು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ತಮ್ಮ ಕತ್ತನ್ನೇ ತುಂಬ ಹೊತ್ತು ನೋಡಿದರು. ‘ಇಷ್ಟೊಂದು ನರ ಏಳ್ತದಾ?’ ಅಂದರು. ಆಮೇಲೆ, ‘ಊರಿಗೆ ಹೇಳಿದ್ದೀನಿ ಬಿಡಿ, ಅವತ್ತು ಆಳು ಬಂದಿರಲಿಲ್ಲ, ನಾನೇ ಎತ್ತಬೇಕಾಯ್ತು ಅಂತ.’

ಎದ್ದು ಹೊರಟಾಗ ಅವರೇ ಕರೆದರು. ಇನ್ನೊಂದು ಫೋಟೊ ಬೇಕಂತೆ. ಮಂಡಿ ಸಾಹುಕಾರರನ್ನು ಕೇಳಿ, ಗಲ್ಲಾದ ಹತ್ತಿರ ಮೇಜಿನ ಹಿಂದೆ ಕೂತರು. ಅಂಗಿ ಬದಲಾಯಿಸಿ ಬಂದಿದ್ದರು, ಟವೆಲ್ ಮಡಿಸಿ ಕೆಳಗಿಟ್ಟಿದ್ದರು. ಮುಂದೆ ಲೆಕ್ಕದ ಪುಸ್ತಕ ತೆರೆದುಕೊಂಡರು. ಆಧಾರ್ ಕಾರ್ಡಿನ ಹಾಗೇ ಬಿಗಿದು ಕೂತಿದ್ದರು, ನಾನು ಸಡಿಲವಾಗಿ ಅಂತ ಹೇಳಲಿಲ್ಲ. ಜೇಬು ಮುಟ್ಟಿ ನೋಡಿಕೊಂಡು ನನ್ನ ಕಡೆ ಕೈ ಚಾಚಿದರು. ಪೆನ್ನು ಕೊಟ್ಟೆ.