ಡೆಸ್ಕ್‌ಟಾಪ್ ಇಲ್ಲದೆ ಕೋಡಿ ಸರ್ವಿಸ್: ಕಪ್ಪು ಪರದೆ ಬಿಟ್ಟು ಏನೂ ಬರುತ್ತಿಲ್ಲ [ಪರಿಹಾರವಾಗಿದೆ]

ಟಿವಿಮೂಲೆ:
ಟಿವಿ ಹಿಂದೆ ಒಂದು ಹಳೆಯ ಇಂಟೆಲ್ ಮಿನಿ ಪಿಸಿ ಇದೆ. ಡೆಬಿಯನ್ 12 (ಲಿನಕ್ಸ್), ಅದರ ಜೊತೆಗೇ ಬರುವ ಕೋಡಿ 20 (ಟಿವಿಯಲ್ಲಿ ವಿಡಿಯೊ, ಹಾಡು ಹಾಕುವ ಮೀಡಿಯಾ ಪ್ಲೇಯರ್). ಇಷ್ಟು ದಿನ ಡೆಸ್ಕ್‌ಟಾಪ್ ಆಟೋ ಲಾಗಿನ್ ಆಗಿ ಅದರ ಮೇಲೆ ಕೋಡಿ ತೆರೆದುಕೊಳ್ಳುತ್ತಿತ್ತು. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಡೆಸ್ಕ್‌ಟಾಪ್ ಏನೋ ಒಂದು ಮೆಸೇಜ್ ತೋರಿಸಿ ನಿಂತಿರುತ್ತದೆ, ಅಮ್ಮ ಮೌಸ್ ಹುಡುಕಬೇಕು. ಅದಕ್ಕೇ ಕೋಡಿ ಅಂತಲೇ ಬೇರೆ ಯೂಸರ್ ಮಾಡಿ, ಬೂಟ್ ಆದಾಗ ಅದು ತಾನಾಗಿ ಶುರುವಾಗಲಿ ಅಂತ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಮ್) ಸರ್ವಿಸ್ ಬರೆದೆ. ಶುರುವಾಗುತ್ತದೆ, ಪರದೆ ಕಪ್ಪಗೇ ಇರುತ್ತದೆ, ಆಮೇಲೆ ಫೇಲ್ಡ್. 'ಅನೇಬಲ್ ಟು ಕ್ರಿಯೇಟ್ ಜಿಯುಐ' ಅನ್ನುತ್ತದೆ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸಿದರೆ ಮಾತ್ರ ಚಿತ್ರ ಬರುತ್ತದೆ. ಹಾಗೇ ಬಿಡಬಹುದಾ?

ಕರ್ನಲ್‌ಕಟ್ಟೆ:
ದಯವಿಟ್ಟು ರೂಟ್ ಬೇಡ. ಕೋಡಿಯ ಆಡ್-ಆನ್‌ಗಳಲ್ಲಿ ಹೆಚ್ಚಿನವು ಪೈಥಾನ್ ಕೋಡ್, ಎಲ್ಲೆಲ್ಲಿಂದಲೋ ತಂದು ಹಾಕಿಕೊಳ್ಳುತ್ತೇವೆ, ಅವಕ್ಕೆಲ್ಲ ಇಡೀ ಮಷಿನ್ ಒಪ್ಪಿಸಿದ ಹಾಗಾಗುತ್ತದೆ. ರೂಟ್‌ನಲ್ಲಿ ಬರುತ್ತದೆ ಅಂದರೆ ನಿಮ್ಮ ಡ್ರೈವರ್ ಸರಿ ಇದೆ, ಇದು ಬರೀ ಪರ್ಮಿಷನ್ ವಿಷಯ. ಸರ್ವಿಸ್ ಫೈಲ್‌ನಲ್ಲಿ ಏನೇನಿದೆ ಹೇಳಿ. ಹಳೆಯ ಡಿಸ್‌ಪ್ಲೇ ಮ್ಯಾನೇಜರ್ (ಡೆಸ್ಕ್‌ಟಾಪ್‌ನ ಲಾಗಿನ್ ನೋಡಿಕೊಳ್ಳುವ ಪ್ರೋಗ್ರಾಮ್) ಇನ್ನೂ ಓಡುತ್ತಿದೆಯಾ?

ಹೊಸಪೆಟ್ಟಿಗೆ:
ಲಿಬ್ರೆಇಲೆಕ್ (ಕೋಡಿಗೆಂದೇ ಮಾಡಿದ ಪುಟ್ಟ ಲಿನಕ್ಸ್) ಹಾಕಿಬಿಡಿ, ಇದೆಲ್ಲ ಅದರಲ್ಲಿ ಮಾಡಿಯೇ ಕೊಟ್ಟಿರುತ್ತಾರೆ.

ಟಿವಿಮೂಲೆ:
ಲಿಬ್ರೆಇಲೆಕ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಆಪ್ಟ್ (ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳುವ ಸಾಧನ) ಇಲ್ಲ, ಮೂಲ ಸಿಸ್ಟಮ್ ರೀಡ್-ಓನ್ಲಿ. ಇದೇ ಮಷಿನ್ ಮನೆಯ ಫೋಟೊ ಬ್ಯಾಕಪ್ ಮತ್ತು ಪ್ರಿಂಟರ್ ಕೂಡ ನೋಡಿಕೊಳ್ಳುತ್ತದೆ, ಹಾಗಾಗಿ ಡೆಬಿಯನ್ನೇ ಬೇಕು. ಡಿಸ್‌ಪ್ಲೇ ಮ್ಯಾನೇಜರ್ ನಿಲ್ಲಿಸಿದ್ದೇನೆ. ಫೈಲ್‌ನಲ್ಲಿ ಜಾಸ್ತಿ ಏನಿಲ್ಲ: ಯೂಸರ್ ಕೋಡಿ, ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಕೋಡಿ-ಸ್ಟ್ಯಾಂಡಲೋನ್, ರೀಸ್ಟಾರ್ಟ್ ಆಲ್ವೇಸ್. ಅಷ್ಟೇ.

ಕರ್ನಲ್‌ಕಟ್ಟೆ:
ಸರಿ, ಗೊತ್ತಾಯಿತು. ನೀವು ಕೀಬೋರ್ಡ್ ಮುಂದೆ ಕೂತು ಲಾಗಿನ್ ಆದಾಗ ಲಾಗಿನ್‌ಡಿ (ಲಾಗಿನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಭಾಗ) ನಿಮಗೊಂದು ಸೆಷನ್ ಕೊಡುತ್ತದೆ, ರನ್-ಯೂಸರ್ ಕೆಳಗೆ ಒಂದು ಡೈರೆಕ್ಟರಿ ಆಗುತ್ತದೆ, ಸೌಂಡ್ ಮತ್ತು ಗ್ರಾಫಿಕ್ಸ್ ಡಿವೈಸ್‌ಗಳಿಗೆ ಅನುಮತಿ ತಾನಾಗಿ ಸಿಗುತ್ತದೆ, ಇದ್ಯಾವುದೂ ನಮ್ಮ ಗಮನಕ್ಕೇ ಬರುವುದಿಲ್ಲ. ಬರಿಯ ಸರ್ವಿಸ್‌ಗೆ ಅದ್ಯಾವುದೂ ಇಲ್ಲ. ಒಂದೊಂದನ್ನೂ ನೀವೇ ಬರೆದು ಕೊಡಬೇಕು.

ಮೊದಲು ಗ್ರೂಪ್‌ಗಳು. ಕೋಡಿ ಯೂಸರನ್ನು ವಿಡಿಯೊ, ರೆಂಡರ್, ಆಡಿಯೊ, ಇನ್‌ಪುಟ್ ಈ ನಾಲ್ಕಕ್ಕೂ ಸೇರಿಸಿ. ಗ್ರಾಫಿಕ್ಸ್ ಕಾರ್ಡ್‌ನ ನೋಡ್ (ಡಿವೈಸ್ ಫೈಲ್) ವಿಡಿಯೊ ಗ್ರೂಪ್‌ನದು, ರೆಂಡರ್ ನೋಡ್ ರೆಂಡರ್ ಗ್ರೂಪ್‌ನದು, ನಿಮ್ಮ ಕಪ್ಪು ಪರದೆಗೆ ಕಾರಣ ಹೆಚ್ಚಾಗಿ ಇಲ್ಲೇ ಇದೆ.

ಆಮೇಲೆ ಎಕ್ಸೆಕ್‌ಸ್ಟಾರ್ಟ್ ಸಾಲಿನ ಕೊನೆಗೆ ವಿಂಡೋಯಿಂಗ್ ಅನ್ನೋ ಆಪ್ಷನ್ ಕೊಟ್ಟು ಜಿಬಿಎಮ್ ಅಂತ ಹಾಕಿ. 2021ರಲ್ಲಿ ಬಂದ ಕೋಡಿ 19ರಿಂದ ಎಕ್ಸ್11, ವೇಲ್ಯಾಂಡ್, ಜಿಬಿಎಮ್ (ಪರದೆಗೆ ಚಿತ್ರ ಕಳಿಸುವ ಮೂರು ದಾರಿಗಳು) ಮೂರೂ ಒಂದೇ ಬೈನರಿಯಲ್ಲಿ ಇರಬಹುದು, ನಿಮಗೆ ಬೇಕಾದ್ದು ಮೂರನೆಯದು. ಇದರಲ್ಲಿ ಮಧ್ಯೆ ಎಕ್ಸ್ ಸರ್ವರ್ ಇರುವುದಿಲ್ಲ, ಕೋಡಿ ನೇರವಾಗಿ ಕರ್ನಲ್ ಮೂಲಕ ಪರದೆ ಹಿಡಿಯುತ್ತದೆ. ಪರದೆಯ ಯಜಮಾನಿಕೆ ಒಂದು ಸಲಕ್ಕೆ ಒಬ್ಬರಿಗೇ ಸಿಗುವುದು, ಡಿಸ್‌ಪ್ಲೇ ಮ್ಯಾನೇಜರ್ ಬಗ್ಗೆ ಕೇಳಿದ್ದು ಅದಕ್ಕೇ. ಸುಮ್ನೆ ನಿಲ್ಲಿಸಿದರೆ ರೀಬೂಟ್ ಆದಾಗ ಮತ್ತೆ ಬರುತ್ತದೆ, ಡಿಸೇಬಲ್ ಮಾಡಿ. ಡಿಫಾಲ್ಟ್ ಟಾರ್ಗೆಟ್ (ಬೂಟ್ ಯಾವ ಹಂತಕ್ಕೆ ಹೋಗಬೇಕು ಅನ್ನೋದು) ಕೂಡ ಮಲ್ಟಿ-ಯೂಸರ್‌ಗೆ ಬದಲಿಸಿ, ಸರ್ವಿಸ್‌ನ ವಾಂಟೆಡ್‌ಬೈ ಅದೇ ಇರಲಿ.

ಇನ್ನು ಸೆಷನ್. ಸರ್ವಿಸ್ ಭಾಗದಲ್ಲಿ ಪ್ಯಾಮ್‌ನೇಮ್‌ಗೆ (ಪ್ಯಾಮ್ ಅಂದರೆ ಲಿನಕ್ಸ್‌ನ ಲಾಗಿನ್ ವ್ಯವಸ್ಥೆ) ಲಾಗಿನ್, ಟಿಟಿವೈಪಾತ್‌ಗೆ ಟಿಟಿವೈ1 (ಮೊದಲ ಟೆಕ್ಸ್ಟ್ ಕನ್ಸೋಲ್), ಸ್ಟ್ಯಾಂಡರ್ಡ್‌ಇನ್‌ಪುಟ್‌ಗೆ ಟಿಟಿವೈ ಅಂತ ಹಾಕಿ. ಮೇಲೆ ಯೂನಿಟ್ ಭಾಗದಲ್ಲಿ ಟಿಟಿವೈ1ರ ಗೆಟ್ಟಿ ಸರ್ವಿಸ್ ಹೆಸರನ್ನು ಕಾನ್‌ಫ್ಲಿಕ್ಟ್ಸ್‌ಗೂ ಆಫ್ಟರ್‌ಗೂ ಹಾಕಿ, ಇಲ್ಲದಿದ್ದರೆ ಲಾಗಿನ್ ಪ್ರಾಂಪ್ಟ್ ಮತ್ತು ಕೋಡಿ ಎರಡೂ ಒಂದೇ ಟಿಟಿವೈಗೆ ಜಗಳ ಆಡುತ್ತವೆ.

ರೀಸ್ಟಾರ್ಟ್ ಆಲ್ವೇಸ್ ತೆಗೆದು ಆನ್-ಫೇಲ್ಯೂರ್ ಮಾಡಿ, ರೀಸ್ಟಾರ್ಟ್‌ಸೆಕ್ 5 ಕೊಡಿ. ಡಿಫಾಲ್ಟ್ ಬಿಟ್ಟರೆ 10 ಸೆಕೆಂಡಿನಲ್ಲಿ 5 ಸಲ ಎದ್ದು ಬಿದ್ದ ಮೇಲೆ ಸಿಸ್ಟಮ್‌ಡಿ ಕೈಬಿಡುತ್ತದೆ, ಜರ್ನಲ್ (ಸಿಸ್ಟಮ್‌ಡಿಯ ಲಾಗ್) ತುಂಬ ಅದೇ ಗಲಾಟೆ ತುಂಬಿ ನಿಜವಾದ ಎರರ್ ಹುಡುಕೋದು ಕಷ್ಟ.

ಟಿವಿಮೂಲೆ:
ಚಿತ್ರ ಬಂತು! ತುಂಬಾ ಥ್ಯಾಂಕ್ಸ್. ಯುಎಸ್‌ಬಿ ರಿಮೋಟ್ ಕೂಡ ಕೆಲಸ ಮಾಡುತ್ತಿದೆ, ಪವರ್ ಮೆನುವಿನಲ್ಲಿ ಶಟ್‌ಡೌನ್ ಇದೆ. ಆದರೆ ಸೌಂಡ್ ಇಲ್ಲ. ಹಳೆಯ ಲೈಬ್ರರಿಯೂ ಖಾಲಿ. ಎನ್ಎಎಸ್‌ನಿಂದ (ನೆಟ್‌ವರ್ಕ್‌ನಲ್ಲಿರುವ ಸ್ಟೋರೇಜ್ ಪೆಟ್ಟಿಗೆ) ಎನ್ಎಫ್ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವಿಧಾನ) ಬರುವ ಫೋಲ್ಡರ್ ಬೂಟ್ ಆದ ಕೂಡಲೇ ಕಾಣುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಕಾಣುತ್ತದೆ.

ಕರ್ನಲ್‌ಕಟ್ಟೆ:
ರಿಮೋಟ್ ಬಂದಿದ್ದು ಇನ್‌ಪುಟ್ ಗ್ರೂಪ್‌ನಿಂದ. ಜಿಬಿಎಮ್‌ನಲ್ಲಿ ಕೋಡಿ ಕೀಗಳನ್ನು ತಾನೇ ಲಿಬ್‌ಇನ್‌ಪುಟ್ ಮೂಲಕ ಓದುತ್ತದೆ. ಶಟ್‌ಡೌನ್ ಬಂದಿದ್ದು ಪ್ಯಾಮ್ ಸೆಷನ್‌ನಿಂದ. ಅದಿಲ್ಲದೆ ಮಾಡುವವರು ಪೋಲ್‌ಕಿಟ್ (ಯಾರಿಗೆ ಏನು ಮಾಡಲು ಅನುಮತಿ ಅಂತ ನೋಡುವ ವ್ಯವಸ್ಥೆ) ರೂಲ್ ಬರೆಯಬೇಕು, ಡೆಬಿಯನ್ 12ರಲ್ಲಿ ಅದು ಜಾವಾಸ್ಕ್ರಿಪ್ಟ್ ರೂಪದಲ್ಲಿ, ಹಳೆಯ ಲೇಖನಗಳಲ್ಲಿರುವ ಪಿಕೆಎಲ್‌ಎ ಫೈಲ್ ನಂಬಬೇಡಿ.

ಸೌಂಡ್: ಮೊದಲು ನಿಮ್ಮ ಡೆಸ್ಕ್‌ಟಾಪ್‌ನ ಸೌಂಡ್ ಸರ್ವರ್ ಮೂಲಕ ಹೋಗುತ್ತಿತ್ತು, ಈಗ ಆಲ್ಸಾಗೆ (ಕರ್ನಲ್‌ನದೇ ಸೌಂಡ್ ವ್ಯವಸ್ಥೆ) ನೇರ. ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೊ ಒಳಗೆ ಔಟ್‌ಪುಟ್ ಡಿವೈಸ್ ನೋಡಿ. ಇಂಟೆಲ್ ಮಷಿನ್‌ನಲ್ಲಿ ಎಚ್‌ಡಿಎಮ್‌ಐ ಹೆಸರಿನಲ್ಲೇ ಹಲವು ಇರಬಹುದು, ನಿಮ್ಮ ಟಿವಿಯ ಹೆಸರು ಪಕ್ಕದಲ್ಲಿರುವುದನ್ನು ಆರಿಸಿ.

ಲೈಬ್ರರಿ ಹೊಸ ಯೂಸರ್ ಹೆಸರಿನಲ್ಲಿ ಹೊಸದಾಗಿ ಶುರುವಾಗಿದೆ, ಅಷ್ಟೇ. ಸರ್ವಿಸ್ ನಿಲ್ಲಿಸಿ, ಹಳೆಯ ಯೂಸರಿನ ಡಾಟ್-ಕೋಡಿ ಫೋಲ್ಡರನ್ನು ಹೊಸ ಹೋಮ್‌ಗೆ ಕಾಪಿ ಮಾಡಿ, ಓನರ್‌ಶಿಪ್ ಪೂರ್ತಿ ಬದಲಿಸಿ. ಎನ್ಎಫ್ಎಸ್‌ಗೆ ಆಫ್ಟರ್ ಸಾಲಿನಲ್ಲಿ ನೆಟ್‌ವರ್ಕ್-ಆನ್‌ಲೈನ್ ಮತ್ತು ರಿಮೋಟ್-ಎಫ್‌ಎಸ್ ಟಾರ್ಗೆಟ್‌ಗಳನ್ನು ಸೇರಿಸಿ, ನೆಟ್‌ವರ್ಕ್-ಆನ್‌ಲೈನನ್ನು ವಾಂಟ್ಸ್‌ಗೂ ಹಾಕಿ. ಬರೀ ಆಫ್ಟರ್ ಹಾಕಿದರೆ ಅದನ್ನು ಯಾರೂ ಎಬ್ಬಿಸದೆ ಇರಬಹುದು, ಆಗ ಕಾಯುವುದೇ ಇಲ್ಲ.

ಟಿವಿಮೂಲೆ:
ಎಲ್ಲವೂ ಸರಿಯಾಯಿತು. ಸೌಂಡ್‌ಗೆ ಟಿವಿ ಹೆಸರಿದ್ದ ಡಿವೈಸೇ ಬೇಕಿತ್ತು. ಎನ್ಎಎಸ್ ಆನ್ ಇಲ್ಲದಿದ್ದರೆ ಕೋಡಿ ತೆರೆಯೋದು ತುಂಬಾ ತಡವಾಗುತ್ತದೆ, ಅದೊಂದು ಉಳಿದಿದೆ.

ಕರ್ನಲ್‌ಕಟ್ಟೆ:
ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನೋ ಪಟ್ಟಿಯ ಫೈಲ್) ಎನ್ಎಎಸ್ ಫೋಲ್ಡರಿನ ಸಾಲಿಗೆ ನೋಫೇಲ್ ಮತ್ತು ಎಕ್ಸ್-ಸಿಸ್ಟಮ್‌ಡಿ-ಆಟೋಮೌಂಟ್ ಸೇರಿಸಿ. ಆಗ ಬೂಟ್ ಕಾಯುವುದಿಲ್ಲ, ಫೋಲ್ಡರ್ ಮುಟ್ಟಿದಾಗ ಮಾತ್ರ ಮೌಂಟ್ ಆಗುತ್ತದೆ.

ಟಿವಿಮೂಲೆ:
ಹಾಕಿದೆ, ಎನ್ಎಎಸ್ ಆಫ್ ಇದ್ದರೂ ಬೇಗ ತೆರೆಯಿತು. ಶೀರ್ಷಿಕೆಯಲ್ಲಿ ಪರಿಹಾರವಾಗಿದೆ ಅಂತ ಸೇರಿಸಿದ್ದೇನೆ.